ನೀರು ಇನ್ನೂ ಆರಿಲ್ಲ!

ಬೈಲಹೊಂಗಲದ ನಮ್ಮ ಕಾಕಾನ ಮನೆಯಲ್ಲಿ ನೀವು ಹಾಲು ಕೇಳಿ, ಸಿಗುತ್ತದೆ. ಚಹಾ ಕೇಳಿ, ಕೇಳುವ ಮೊದಲೇ ಸಿಗುತ್ತದೆ. ನೀರು ಮಾತ್ರ ಕೇಳಬೇಡಿ! ಆ ಮನೆಯಲ್ಲಿ ನೀರಿಗೆ ಬರವೆಂದಲ್ಲ. ಹಂಡೆ, ಕೊಡ, ಬಕೆಟ್ಟು ಎಲ್ಲದರಲ್ಲೂ ನೀರೇ. ಆದರೆ ಯಾವಾಗ ಹೋದರೂ ಅದು ಇನ್ನೂ ತಯಾರಾಗುತ್ತಲೇ ಇರುತ್ತದೆ. ಚಹಾಕ್ಕೂ ನೀರು ಬೇಕಲ್ಲ ಎಂದಿರಾ? ಆ ಮನೆಯ ಚಹಾ ಬರೀ ಹಾಲಿನದು ಸ್ವಾಮಿ!

ನಳದ ನೀರನ್ನು ಮೊದಲು ಅಜ್ಜನ ಹಳೆಯ ಧೋತರವನ್ನು ಮಡಿಕೆ ಮಾಡಿ ಸೋಸಬೇಕು. ಆಮೇಲೆ ಪಟಿಕದ ಹರಳು ಆಡಿಸಬೇಕು. ರಾಡಿ ತಳಕ್ಕೆ ಇಳಿಯುವ ತನಕ ಆ ಕಡೆ ಯಾರೂ ಜೋರಾಗಿ ನಡೆಯಬಾರದು. ಆಮೇಲೆ ಕುದಿಸುವುದು, ಕುದಿದದ್ದು ತಾನಾಗಿ ಆರುವುದು, ಆರಿದ್ದು ತಾಮ್ರದ ಕೊಡ ಸೇರುವುದು. ಅಲ್ಲಿ ಅದಕ್ಕೊಂದು ರಾತ್ರಿ ವಸ್ತಿ!

"ಅಲ್ರೀ, ನಮ್ಮ ಲಗ್ನಕ್ಕೂ ಇಷ್ಟ ಶಾಸ್ತ್ರ ಮಾಡಿರಲಿಲ್ಲ" ಎಂದು ಕಾಕು ಗೊಣಗುತ್ತಿದ್ದಳು.

"ಅದಕ್ಕ ನೋಡು, ಅದು ಹಿಂಗಾತು" ಎನ್ನುತ್ತಿದ್ದ ಕಾಕಾ.

ಅಪ್ಪ, ಅವ್ವ ಇಲ್ಲದ ನನ್ನನ್ನು ಸಾಕಿದವರು ಇವರಿಬ್ಬರೇ. ಶಾಲೆಗೆ ಹೋಗುವಾಗ ನನ್ನ ಪಾಟೀಚೀಲಕ್ಕಿಂತ ನೀರಿನ ಬಾಟಲಿಯೇ ಭಾರವಾಗಿತ್ತು. ಹಾದಿಯ ನಳ ಕಂಡರೆ ನಾನು ಹಾವು ಕಂಡವರಂತೆ ಸರಿದು ಹೋಗಬೇಕಿತ್ತು.

ಒಮ್ಮೆ ಕಾಕಾ ಎಲ್ಲಿಯೋ ಕೇಳಿಕೊಂಡು ಬಂದ, ನೀರನ್ನು ಬಿಸಿಲಿಗಿಟ್ಟರೆ ಶುದ್ಧವಾಗುತ್ತದೆಯಂತೆ. ಮರುದಿನವೇ ಮಾಳಿಗೆಯ ಮೇಲೆ ಸಾಲಾಗಿ ಬಾಟಲಿಗಳು! ಪಕ್ಕದ ಮನೆಯ ಚಾಚಾ ಟೆಂಪೋ ಓಡಿಸುವವರು. ಬೆಳಿಗ್ಗೆ ಗಾಡಿ ತೊಳೆಯುತ್ತ ಮೇಲೆ ನೋಡಿ ಗಾಬರಿಯಾದರು. ಓಣಿಯಲ್ಲಿ ಆಗಲೇ ಗುಸುಗುಸು ಎದ್ದಿತ್ತು. "ಮಾಲಕ್ರ, ಧಂದೆ ಏನರ ಚಾಲೂ ಮಾಡೀರೇನು? ಮಂದಿ ನನಗ ರೇಟ್ ಕೇಳಾಕ ಹತ್ಯಾರ" ಎಂದರು. ಜೀವನದಲ್ಲಿ ಸೆರೆಯ ಒಂದು ಹನಿಯನ್ನೂ ಮುಟ್ಟದ ನಮ್ಮ ಕಾಕಾನಿಗೆ ಈ ಪಟ್ಟ! ಸಂಜೆಯೊಳಗೆ ಬಾಟಲಿಗಳು ಕೆಳಗಿಳಿದವು.

ಕಡೆಗೆ ಕಾಕು ಹಟ ಹಿಡಿದು ನೀರು ಸೋಸುವ ಯಂತ್ರ ತರಿಸಿದಳು. ಅದನ್ನು ಕೂರಿಸಲು ಬಂದವನು ಗೋಡೆಗೆ ತೂತು ಹೊಡೆದು ಬೆವತು, "ಸ್ವಲ್ಪ ನೀರು ಕೊಡ್ರಿ" ಎಂದ. ಕಾಕಾ ಏನು ಹೇಳಿದ ಗೊತ್ತೇ? "ಕುಂದರ್ರಿ, ಇನ್ನೂ ಆರಿಲ್ಲ." ಯಂತ್ರ ಚಾಲೂ ಆಯಿತು. ಅದರಿಂದ ಬಂದ ನೀರನ್ನು ಕಾಕಾ ಪಾತ್ರೆಗೆ ಹಿಡಿದು ಸೀದಾ ಒಲೆಯ ಮೇಲಿಟ್ಟ!

"ಯಂತ್ರ ಸೋಸೇತಲ್ರೀ!" ಕಾಕು ಹಣೆ ಹಣೆ ಬಡಿದುಕೊಂಡಳು.

"ಸೋಸೇತಿ, ಖರೆ. ಯಂತ್ರದ ಹೊಟ್ಟ್ಯಾಗ ಏನೈತಿ ಅಂತ ನೀ ನೋಡೀಯೇನು?"

ಇಷ್ಟೆಲ್ಲ ನಕ್ಕು ಮರೆಯಬಹುದಿತ್ತು. ಆದರೆ ಸವದತ್ತಿಯಿಂದ ನನ್ನನ್ನು ನೋಡಲು ಬೀಗರು ಬಂದರಲ್ಲ, ಆಗ ನಗು ಬರಲಿಲ್ಲ. ನಮ್ಮ ಕಡೆ ಬಂದವರಿಗೆ ಮೊದಲು ನೀರು, ಬೆಲ್ಲ. ಮಾತುಕತೆಯೆಲ್ಲ ಆಮೇಲೆ. ನೀರು ಕೊಡದಿದ್ದರೆ ಸಂಬಂಧ ಬೇಡ ಎಂದೇ ಅರ್ಥ. ಅದು ಕಾಕಾನಿಗೆ ಗೊತ್ತಿಲ್ಲವೇ? ಗೊತ್ತಿದ್ದದ್ದಕ್ಕೇ, ಬೀಗರಿಗೆಂದು ಅವತ್ತು ನೀರನ್ನು ಎರಡೆರಡು ಸಲ ಸೋಸಿ, ಎರಡೆರಡು ಸಲ ಕುದಿಸಿದ್ದ! ಅವರೋ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟರು. ನೀರು ಹೊಗೆಯಾಡುತ್ತಿತ್ತು. ಕರೆಂಟಿಲ್ಲದೆ ಯಂತ್ರವೂ ನಿಂತಿತ್ತು.

ಉರಿಬಿಸಿಲು. ಹುಡುಗನ ತಾಯಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಯವ್ವಾ, ಒಂದೀಟ ನೀರ ಕೊಡ್ರಿ" ಎಂದರು. ಮರ್ಯಾದೆಗೆ ಅಂಜಿದ ಕಾಕು ಬಚ್ಚಲ ನಳದಿಂದಲೇ ಚರಗಿ ತುಂಬಿ ತಂದು ಕೊಟ್ಟಳು. ಅವರು ಅದನ್ನು ಬಾಯಿಗೆತ್ತುವಷ್ಟರಲ್ಲಿ ಕಾಕಾ ಹಾರಿ ಬಂದ. "ಕುಡೀಬ್ಯಾಡ್ರಿ!" ಎಂದವನೇ ಬೀಗಿತ್ತಿಯ ಕೈಯಿಂದ ಚರಗಿ ಕಸಿದುಕೊಂಡ!

ಅವರು ಎದ್ದರು. ಅವರ ಹಿಂದೆ ಹುಡುಗನೂ ಎದ್ದ. ನನಗೆ ಹುಡುಗ ಹಿಡಿಸಿದ್ದ. ಬಾಗಿಲಲ್ಲಿ ಅವನು ಒಮ್ಮೆ ಹಿಂತಿರುಗಿ ನೋಡಿದ್ದು ಇನ್ನೂ ಕಣ್ಣ ಮುಂದಿದೆ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಕಾಕಾ ಆರಿದ ನೀರು ತಂದು ಪಕ್ಕದಲ್ಲಿಟ್ಟ. ನಾನು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಚಾಚಾನ ಟೆಂಪೋ ಹತ್ತಿ ಸವದತ್ತಿಗೆ ಹೋದ. ಹೆಗಲಿಗೆ ಎಂದಿನ ನೀರಿನ ಬಾಟಲಿ ಇರಲಿಲ್ಲ. ಅಲ್ಲಿ ನಡೆದದ್ದನ್ನು ಹೇಳಿದವರು ಚಾಚಾ.

"ಬೇಟಿ, ಹುಡುಗನ ಅವ್ವಾರು ಅಂಗಳದಾಗಿನ ತೊಟ್ಟಿಯಿಂದ ಚರಗಿ ತುಂಬಿ ಮುಂದ ತಂದಿಟ್ರು. ಮ್ಯಾಲೆ ಬೇವಿನೆಲಿ ತೇಲಾಕ ಹತ್ತಿತ್ತು. ನಿಮ್ಮ ಕಾಕಾ ಜಹರ್ ಕುಡಿಯೋರಂಗ ಮಾರಿ ಮಾಡಿ, ಗಟಗಟ ಕುಡದ್ರು. ಎಲಿ ಸೈತ ನುಂಗಿದ್ರು! ಮ್ಯಾಲೆ 'ಇನ್ನೊಂದ ಚರಗಿ ಕೊಡ್ರಿ' ಅಂದ್ರು ನೋಡು!"

ಹುಡುಗನ ತಾಯಿ ನಕ್ಕುಬಿಟ್ಟರಂತೆ. ಸಂಬಂಧ ಕುದುರಿತು. ಆದರೆ ಕಾಕಾ ಮಾತ್ರ ನಿಶ್ಚಯದ ದಿನ ಹಿಡಿಯಲು ಒಪ್ಪಲಿಲ್ಲ. "ನಾಕ ದಿನ ತಡೀರಿ" ಎಂದ. ಆ ದಿನಗಳಲ್ಲೆಲ್ಲ ಹೊಟ್ಟೆ ಮುಟ್ಟಿ ನೋಡಿಕೊಳ್ಳುವುದೇ ಕೆಲಸ. "ಏನರ ಆಗಾಕ ಹತ್ತೇತೇನ್ರಿ?" ಎಂದು ಕಾಕು ಕೇಳಿದರೆ "ಏನೂ ಆಗವಲ್ದು" ಎನ್ನುತ್ತಿದ್ದ. ನಾವು ಹಿಂದೆ ನಿಂತು ನಗುತ್ತಿದ್ದೆವು. ಕಡೆಗೊಂದು ಬೆಳಿಗ್ಗೆ ತಾನಾಗಿಯೇ ಬಂದು, "ದಿನಾ ಹಿಡೀರಿ" ಎಂದ.

ಈಗ ನಾನು ಸವದತ್ತಿಯ ಸೊಸೆ. ಹೋದ ತಿಂಗಳು ಕಾಕಾ ಬಂದಿದ್ದ. ಅಂಗಳದಲ್ಲಿ ಕೂತವನನ್ನು ಚುಡಾಯಿಸೋಣವೆಂದು ಕೇಳಿದೆ: "ಅವತ್ತ ಬೇವಿನೆಲಿ ಸೈತ ನುಂಗಿದೆಲ್ಲ ಕಾಕಾ, ಅಷ್ಟ ಅಂಜಿಕಿ ಬಂದಿತ್ತೇನು ನಮ್ಮ ಅತ್ತಿದು?"

ಕಾಕಾ ನಗಲಿಲ್ಲ. ತೊಟ್ಟಿಯ ಕಡೆಗೇ ನೋಡುತ್ತಿದ್ದ.

"ಅಂಜಿಕಿ ಎಲ್ಲೀದ ಅವ್ವಿ. ಜನ್ಮ ಪೂರ್ತಿ ನೀ ಕುಡಿಯೋ ನೀರದು. ಮೊದಲ ನಾ ಕುಡದು ನೋಡಬ್ಯಾಡೇನು?"

ನಾನು ಒಳಗೆ ಹೋದೆ. ಕುದಿಸಿ ಆರಿಸಿದ ನೀರು ಇತ್ತು. ಚರಗಿ ತುಂಬಿ ತಂದು ಕೈಗೆ ಕೊಟ್ಟೆ. ಸೋಸಿದೆಯಾ, ಕುದಿಸಿದೆಯಾ ಎಂದು ಕೇಳದೆ ಕಾಕಾ ಗಟಗಟ ಕುಡಿದ.