ಪ್ರೇಮಾನಂದನ ಒಳಗಿನ ಕಂಪ್ಯೂಟರು

ಬೇಕಾಗಿದ್ದದ್ದು ಒಂದು ಹಳೇ ಅರ್ಜಿಯ ನಕಲು, ಅಷ್ಟೇ. ಹೆದ್ದಾರಿ ಅಗಲವಾಗುವಾಗ ಕಿರಿಮಂಜೇಶ್ವರದ ಆಚೆಗಿನ ಆ ಕೇರಿಯ ಬಸ್‌ಸ್ಟಾಪು ಉಳಿಯಬೇಕಾದರೆ, ಅದು ಜನ ಕೇಳಿ ಪಡೆದದ್ದು ಎಂಬುದಕ್ಕೆ ಕಾಗದ ಬೇಕೆಂದು ಅಳತೆಗೆ ಬಂದ ಇಂಜಿನಿಯರು ಹೇಳಿಹೋಗಿದ್ದ. ಇವತ್ತು ಸಂಜೆ ನಾಲ್ಕಕ್ಕೆ ಅವನು ಮತ್ತೆ ಬರುವವನು. ಆಗಲೂ ಕಾಗದ ಇಲ್ಲದಿದ್ದರೆ ಕೇರಿಯವರು ಮುಂದಿನ ಸ್ಟಾಪಿನವರೆಗೆ ಒಂದೂವರೆ ಮೈಲಿ ನಡೆಯಬೇಕು.

ಏಳು ವರ್ಷದ ಹಿಂದೆ ಆ ಅರ್ಜಿ ಟೈಪು ಮಾಡಿದವನು ಪ್ರೇಮಾನಂದ. ಕೇರಿಯಲ್ಲಿ ಕನ್ನಡ ಟೈಪು ಬಲ್ಲವನು ಅವನೊಬ್ಬನೇ. ಮದುವೆ ಕಾಗದದಿಂದ ಹಿಡಿದು ರೇಷನ್ ಕಾರ್ಡಿನ ತಕರಾರಿನವರೆಗೆ ಎಲ್ಲರ ಮಾತೂ ಅವನ ಬೆರಳಿನಿಂದಲೇ ಕಾಗದಕ್ಕೆ ಇಳಿಯುತ್ತಿತ್ತು. ಟೈಪು ಮಾಡಿದ್ದನ್ನು ಅಂದೇ ಮರೆತುಬಿಡುವುದೂ ಅವನಿಗೆ ರೂಢಿಯಾಗಿತ್ತು. ಹಳೇ ಕಂಪ್ಯೂಟರು ಹೋದ ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿ, ಫೈಲುಗಳು ಒಂದು ಸಿಡಿಯಲ್ಲಿ ಉಳಿದಿದ್ದವು. ಹೊಸ ಕಂಪ್ಯೂಟರಿನಲ್ಲಿ ಅವನ್ನು ತೆರೆದರೆ ಅಕ್ಷರಗಳು ಏಡಿ ಓಡಾಡಿದ ಹೊಯ್ಗೆಯ ಹಾಗೆ ಕಂಡವು.

ಬೈಂದೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ರತನನಿಗೆ ಫೋನು ಹೋಯಿತು.

"ನಿಮ್ ಹಳೇ ಕನ್ನಡ ಟೈಪಿನ ಸಾಫ್ಟ್‌ವೇರ್ ಹೊಸ ವಿಂಡೋಸಲ್ಲ್ ಓಡುದಿಲ್ಲೆ" ಎಂದ ರತನ. "ವರ್ಚುವಲ್ ಮೆಷಿನ್ ಮಾಡ್ಕ್. ಅಂದ್ರೆ ಕಂಪ್ಯೂಟರಿನೊಳ್ಗೇ ಇನ್ನೊಂದ್ ಕಂಪ್ಯೂಟರ್. ಅದ್ರೊಳ್ಗೆ ಹಳೇ ವಿಂಡೋಸ್ ಹಾಕಿ, ಮೇಲೆ ನಿಮ್ ಸಾಫ್ಟ್‌ವೇರ್ ಹಾಕಿ. ಹಳೇ ವಿಂಡೋಸಿನ ಸಿಡಿ ಹತ್ತ್ ಗಂಟಿ ಬಸ್ಸಿನ ಕಂಡಕ್ಟರ್ ಕೈಯಲ್ಲ್ ಕೊಡ್ತೆ."

ಸಿಡಿ ಬರುವುದಕ್ಕೆ ಮುಂಚೆಯೇ ಸುದ್ದಿ ಬೇಲಿ ದಾಟಿತ್ತು. ಪ್ರೇಮಾನಂದನ ಹೆಂಡತಿ ಸುಗುಣ ಬಾವಿಕಟ್ಟೆಯಲ್ಲಿ ಒಂದು ಮಾತು ಆಡಿದ್ದೇ ನೆಪವಾಗಿ ಮೂವರು ಬಂದು ಕುಳಿತರು: ಪಕ್ಕದ ತೆಂಗಿನ ತೋಟದ ಮಂಜಯ್ಯ, ಎದುರು ಮನೆಯಲ್ಲಿ ಒಣಮೀನಿನ ವ್ಯಾಪಾರ ಮಾಡುವ ಸೂರ, ಬುಟ್ಟಿ ಹೊತ್ತು ಮೀನು ಮಾರುವ ಬಾಗಿ. ಬಸ್‌ಸ್ಟಾಪಿನ ಅರ್ಜಿಗೆ ಸಹಿ ಮಾಡಿದವರೂ ಅವರೇ.

"ಹ್ವಾಯ್, ಒಳ್ಗೊಂದ್ ಕಂಪ್ಯೂಟರ್ ಇತ್ತ್ ಅಂಬ್ರಲೆ, ಕಾಂಬ" ಎಂದು ಸೂರ ಕಂಪ್ಯೂಟರಿನ ಡಬ್ಬಿಯ ಹಿಂದೆ ಬಗ್ಗಿ ನೋಡಿದ.

ಹನ್ನೆರಡಕ್ಕೆ ಪರದೆಯ ನಡುವೆ ಒಂದು ಚಿಕ್ಕ ಕಪ್ಪು ಕಿಟಕಿ ಹುಟ್ಟಿತು. ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ, ಇದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಪ್ರೇಮಾನಂದ ಬಾಯಿ ತಪ್ಪಿ ಅದನ್ನು ಕನ್ನಡದಲ್ಲಿ ಹೇಳಿಬಿಟ್ಟ.

"ಬ್ಯಾಡ ಮಾರಾಯಾ" ಎಂದ ಸೂರ. "ನಮ್ಮಳಿಯನ ಮೊಬೈಲ್ ಹಾಂಗೇ ಮಾಡಿ, ನನ್ ನಂಬ್ರೂ ಹೋಯಿತ್. ಇವತ್ತಿಗೂ ಫೋನ್ ಮಾಡ್ಲಿಲ್ಲೆ."

"ಸ್ವಿಚ್ ತೆಗಿ" ಎಂದು ಬಾಗಿ ಎದ್ದಳು. ಪ್ರೇಮಾನಂದ ಒಂದು ಕೈಯಿಂದ ಗೋಡೆಯ ಸ್ವಿಚ್ಚನ್ನು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದ. ಅಳಿಸುವುದು ಒಳಗಿನದ್ದನ್ನು ಮಾತ್ರ, ಹೊರಗಿನದಕ್ಕೆ ಏನೂ ಆಗದು ಎಂದು ರತನ ಆಣೆ ಹಾಕಿದ ಮೇಲೆ ಕಣ್ಣು ಮುಚ್ಚಿ ಒತ್ತಿದ. ಬೆವರು ಕೀಬೋರ್ಡಿನ ಮೇಲೆ ಬಿತ್ತು.

ಎರಡು ಗಂಟೆಗೆ ಹಳೇ ವಿಂಡೋಸು ಎದ್ದಿತು. ಆದರೆ ಮೌಸಿನ ಬಾಣ ಆ ಕಿಟಕಿಯ ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಎಷ್ಟು ಎಳೆದರೂ ಅಂಚಿಗೆ ಬಡಿದು ನಿಲ್ಲುತ್ತಿತ್ತು.

"ಬಲಿಗ್ ಬಿದ್ದ್ ಮೀನ್ ಕಂಡಾಂಗೆ ಮಾಡ್ತ್" ಎಂದಳು ಬಾಗಿ.

ಬಲಗಡೆಯ ಕಂಟ್ರೋಲ್ ಒತ್ತಿದರೆ ಬಿಡುತ್ತದೆ ಎಂದ ರತನ. ಮೇಜಿನ ಆಚೆ ಕುಳಿತಿದ್ದ ಮಂಜಯ್ಯ ಕೈ ಚಾಚಿ ತನ್ನ ಬಲಗಡೆಯದನ್ನು ಒತ್ತುತ್ತಲೇ ಇದ್ದ. ಅದು ಪ್ರೇಮಾನಂದನ ಎಡಗಡೆಯದು ಎಂದು ತಿಳಿಯುವಷ್ಟರಲ್ಲಿ ಇನ್ನರ್ಧ ಗಂಟೆ ಹೋಯಿತು.

ಮೂರೂವರೆಗೆ ಸಾಫ್ಟ್‌ವೇರು ಕುಳಿತು, ಅವನ ಹಳೇ ಸಿಡಿಯ ಫೈಲುಗಳೂ ಕಂಡವು: ಅರ್ಜಿ ಒಂದು, ಅರ್ಜಿ ಎರಡು, ಮೂರು, ನಾಲ್ಕು. ಯಾವುದು ಯಾವುದೆಂದು ಪ್ರೇಮಾನಂದನಿಗೆ ನೆನಪಿಲ್ಲ. ಮೊದಲನೆಯದನ್ನು ತೆರೆದ. ದುಂಡನೆಯ ಕನ್ನಡ ಅಕ್ಷರಗಳು ಮೂಡಿದವು. ಅವನಿಗೆ ಕಣ್ಣು ತುಂಬಿತು.

ಮಂಜಯ್ಯ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. "ಮಾನ್ಯರೇ, ನಮ್ಮ ಕೇರಿಯ ಸೂರ ಎಂಬವರು ರಸ್ತೆ ಬದಿಯಲ್ಲಿ ಮೀನು ಒಣಗಿಸುತ್ತಿದ್ದು, ಪಕ್ಕದ ತೋಟದವರಿಗೆ ವಾಸನೆಯಿಂದ ಊಟ..." ಸ್ವರ ಇಳಿಯುತ್ತ ಬಂದು ನಿಂತೇಹೋಯಿತು.

"ಓದಿ ಮಂಜಯ್ಯಣ್ಣ, ಎಂತಕ್ ನಿಲ್ಸದ್ರಿ?" ಎಂದ ಸೂರ ತಣ್ಣಗೆ.

ಪ್ರೇಮಾನಂದ ಗಾಬರಿಯಿಂದ ಎರಡನೆಯದಕ್ಕೆ ಹಾರಿದ. ಅದು ಮಂಜಯ್ಯ ಬೇಲಿ ಸರಿಸಿ ಕಾಲುದಾರಿ ನುಂಗಿದನೆಂದು ಪಂಚಾಯತಿಗೆ ಬರೆದದ್ದು. ಬರೆಸಿದವನ ಹೆಸರಿರಲಿಲ್ಲ, ಆದರೆ ಸೂರನ ಕಿವಿ ಕೆಂಪಾಯಿತು. ಮೂರನೆಯದರಲ್ಲಿ ಇಬ್ಬರ ಮೇಲೂ ಒಟ್ಟಿಗೇ ದೂರಿತ್ತು. ಮಂಜಯ್ಯ ಅದನ್ನು ಹಲ್ಲು ಕಚ್ಚಿಕೊಂಡು ಓದಿದ. ಓದು ಬಾರದ ಬಾಗಿ ಕೇಳಿಸಿಕೊಂಡು, "ಅದ್ ನಂದ್. ನಾ ಹೇಳದ್ರಗ್ ಅರ್ಧವೂ ಬರಿಲಿಲ್ಯಲ ಪ್ರೇಮಾನಂದ?" ಎಂದಳು.

ಆ ಮೂಗರ್ಜಿಗಳ ದೆಸೆಯಿಂದ ಮಂಜಯ್ಯನ ಬೇಲಿ ಹಿಂದೆ ಸರಿದಿತ್ತು, ಸೂರನ ಚಪ್ಪರ ಕಿತ್ತುಹೋಗಿತ್ತು. ಯಾರೋ ಹೊರಗಿನವರ ಕೆಲಸವೆಂದು ಇಷ್ಟು ವರ್ಷ ಮೂವರೂ ಒಟ್ಟಿಗೆ ಕೂತು ಆ ಹೊರಗಿನವರನ್ನು ಬೈದಿದ್ದರು. ಈಗ ಒಬ್ಬರ ಮುಖ ಒಬ್ಬರು ನೋಡದೆ ಮೂರು ದಿಕ್ಕಿಗೆ ಎದ್ದುಹೋದರು.

ನಾಲ್ಕನೆಯದು ಬಸ್‌ಸ್ಟಾಪಿನ ಅರ್ಜಿ. ಒಳಗಿನ ಕಂಪ್ಯೂಟರಿಗೆ ಪ್ರಿಂಟರಿನ ಗುರುತು ಸಿಗಲಿಲ್ಲ. ಇಂಜಿನಿಯರು ಬಂದವನು ಪರದೆಯನ್ನೇ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ತಾರೀಕು ಬರೆದುಕೊಂಡು, "ಇಷ್ಟು ಸಾಕು, ಸ್ಟಾಪ್ ಉಳೀತದೆ" ಎಂದು ಹೋದ. ಬೆಳಗ್ಗಿನಿಂದ ಪ್ರೇಮಾನಂದ ಉಸಿರು ಬಿಟ್ಟದ್ದು ಅದೇ ಮೊದಲು.

ಆರು ಗಂಟೆಗೆ ಮೂವರೂ ಒಂದೇ ಸಾಲಾಗಿ ಅಂಗಳಕ್ಕೆ ಬಂದರು. ಸ್ಟಾಪು ಉಳಿದ ಸಂತೋಷಕ್ಕೆ ಬಂದರೆಂದು ಪ್ರೇಮಾನಂದ ಓಡಿಹೋಗಿ ಕುರ್ಚಿ ಹಾಕಿದ. "ಬನಿ, ಕೂಕಣಿ."

"ಕೂಕಂಬುಕ್ ಪುರ್ಸೊತ್ತಿಲ್ಲೆ" ಎಂದ ಮಂಜಯ್ಯ. "ಒಂದ್ ಅರ್ಜಿ ಟೈಪ್ ಮಾಡುಕಿತ್ತ್. ಈ ಸಲ ಹೆಸ್ರ್ ಹಾಕಿಯೇ ಕೊಡುದ್. ಬರಿ: ಮಾನ್ಯರೇ, ನಮ್ಮ ಕೇರಿಯ ಪ್ರೇಮಾನಂದ ಎಂಬವರು ಮನೆಯಲ್ಲಿ ಒಂದರೊಳಗೊಂದು ಕಂಪ್ಯೂಟರ್ ಇಟ್ಟುಕೊಂಡು, ಊರವರ ಗುಟ್ಟನ್ನೆಲ್ಲ ಅದರಲ್ಲಿ ತುಂಬಿ..."

ಪ್ರೇಮಾನಂದನ ಕೈ ಕೀಬೋರ್ಡಿನ ಮೇಲೆ ನಿಂತಿತು. "ಇದನ್ನ್ ಬೇರೆ ಯಾರ ಹತ್ರ ಆದ್ರೂ ಮಾಡ್ಸ್ಲಕ್ಕಲ್ದಾ, ಮಂಜಯ್ಯಣ್ಣ?"

"ಬೇರೆ ಯಾರಿಗ್ ಬತ್ತ್ ಮಾರಾಯಾ?" ಎಂದ ಸೂರ, ಬೇಸರದಿಂದಲೇ.

ಬೇರೆ ದಾರಿ ಕಾಣದೆ ಅವನು ತನ್ನ ಮೇಲಿನ ದೂರನ್ನು ಒಂದಕ್ಷರ ತಪ್ಪದೆ ಟೈಪು ಮಾಡಿದ. ಕೊನೆಗೆ ತಲೆಯೆತ್ತದೆ ಕೇಳಿದ: "ಸಹಿಗೆ ಮೂರ್ ಜನರ ಜಾಗ ಬಿಟ್ರೆ ಸಾಕಲ್ದಾ?"

ಬೆಳಗ್ಗಿನಿಂದ ಐದು ಸಲ ಚಾ ಮಾಡಿದ್ದ ಸುಗುಣ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ನಾಲ್ಕ್ ಜನರದ್ದ್ ಬಿಡಿ" ಎಂದಳು.