ತಿಂಡಿ ತಲುಪಿದರೆ ಪ್ರವಾಸ ಮುಗಿದಂತೆ

ಫೈಲುಗಳ ಬೆನ್ನಿಗೆ ಅಂಟಿಸುವ ಲೇಬಲ್‌ಗಳನ್ನು ತಯಾರಿಸುವ ಟೋಕಿಯೋದ ಒಂದು ಕಂಪನಿಯಲ್ಲಿ ಪ್ರತಿಯೊಬ್ಬ ನೌಕರರಿಗೂ ವರ್ಷಕ್ಕೆ ಇಪ್ಪತ್ತು ದಿನಗಳ ಸಂಬಳಸಹಿತ ರಜೆ ಇತ್ತೆಂಬುದು ನಿರ್ವಿವಾದ. ಕಳೆದ ಹನ್ನೊಂದು ವರ್ಷಗಳಲ್ಲಿ ಅದನ್ನು ಯಾರೂ ತೆಗೆದುಕೊಂಡಿರಲಿಲ್ಲ ಎಂಬುದೂ ಅಷ್ಟೇ ನಿರ್ವಿವಾದ. ಬೇಡವೆಂದು ಯಾರೂ ಹೇಳಿರಲಿಲ್ಲ. ರಜೆಗೆ ಹೋಗುವವರು ಹೋಗುವ ಮುನ್ನ ವಿಭಾಗದ ಒಂದೊಂದು ಮೇಜಿನ ಮುಂದೂ ನಿಂತು ತಲೆಬಾಗಿ ‘ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ’ ಎನ್ನಬೇಕು, ಬಂದ ಮೇಲೆ ಹೋದ ಊರಿನ ತಿಂಡಿಯನ್ನು ಬಿಡಿಬಿಡಿಯಾಗಿ ಕಾಗದದಲ್ಲಿ ಸುತ್ತಿಸಿ ತಂದು ಅದೇ ಮೇಜುಗಳ ಮೇಲೆ ಒಂದೊಂದಾಗಿ ಇಡಬೇಕು, ಅಷ್ಟೆ. ಮೇಜುಗಳು ಮೂವತ್ತೆಂಟು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟಿದ್ದ, ಭಕ್ತರೇ ಕೈ ಚಾಚುತ್ತಿರಲಿಲ್ಲ.

ಹೀಗಿರುವಾಗ ಸರ್ಕಾರದಿಂದ ಒಂದು ಪತ್ರ ಬಂತು. ನೌಕರರು ವರ್ಷಕ್ಕೆ ಕನಿಷ್ಠ ಐದು ದಿನವಾದರೂ ರಜೆ ತೆಗೆದುಕೊಳ್ಳದಿದ್ದರೆ ದಂಡ ಬೀಳುತ್ತದೆ ಎಂದು ಅದರಲ್ಲಿತ್ತು. ಕಂಪನಿ ಗಾಬರಿಯಾಗಿ ಒಂದು ‘ರಜೆ ಉತ್ತೇಜನ ಸಮಿತಿ’ ರಚಿಸಿತು. ತಮ್ಮ ಮದುವೆಗೇ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನದ ಮೇಲೆ ಕೆಲಸಕ್ಕೆ ಬಂದಿದ್ದ ವಿಭಾಗದ ಮುಖ್ಯಸ್ಥ ಒಕುದಾ ಸಾಹೇಬರು ಅದರ ಅಧ್ಯಕ್ಷರಾದರು. ಆಡಳಿತ ವಿಭಾಗದ ಹಿಗುಚಿ ಮೇಡಂ ಕಾರ್ಯದರ್ಶಿಯಾದರು. ಸಮಿತಿ ಮೂರು ವಾರ ರಜೆಯಿಲ್ಲದೆ ದುಡಿದು ನಾಲ್ಕು ಪುಟದ ಒಂದು ಅರ್ಜಿ ತಯಾರಿಸಿತು.

ಆ ಅರ್ಜಿಯನ್ನು ಮೊದಲು ತುಂಬಿದವಳು ಮಾಹೊ ಸೆಗಾವಾ. ಇಪ್ಪತ್ತೇಳು ವರ್ಷ, ಲೇಬಲ್ ಮೇಲಿನ ಅಕ್ಷರಗಳ ಅಳತೆ ನೋಡುವ ಕೆಲಸ. ಅವಳಿಗೆ ಬೇಕಾಗಿದ್ದದ್ದು ಒಂದೇ ದಿನ, ಸೆಪ್ಟೆಂಬರ್ ಮೂವತ್ತು.

"ಕಾರಣ ‘ಗೆಳತಿಯ ಭೇಟಿ’ ಅಂತ ಬರ್ದಿದ್ದೀಯಲ್ಲಮ್ಮ," ಎಂದರು ಹಿಗುಚಿ ಮೇಡಂ, ಕನ್ನಡಕ ಏರಿಸಿ. "ಗೆಳತಿ ಹೆಸರೇನು?"

"ಉಪ್ಪು ಮೀನು."

"ಹೆಸರು ಕೇಳಿದ್ದು ಕಣಮ್ಮ, ಊಟಕ್ಕೇನು ಅಂತ ಅಲ್ಲ."

"ಅದೇ ಹೆಸರು ಮೇಡಂ. ಇಂಟರ್ನೆಟ್‌ನಲ್ಲಿ. ಅಲ್ಲಿ ನನ್ನ ಹೆಸರು ಅರ್ಧ ಟಿಕೆಟ್."

"ಎಷ್ಟು ವರ್ಷದ ಸ್ನೇಹ?"

"ಐದು. ದಿನಾ ಮಾತಾಡ್ತೀವಿ."

"ನೋಡಿದ್ದೀಯಾ?"

"ಇಲ್ಲ."

ಹಿಗುಚಿ ಮೇಡಂ ಸಂಬಂಧಪಟ್ಟ ಅಂಕಣದಲ್ಲಿ ‘ನೋಡಿರುವುದಿಲ್ಲ’ ಎಂದು ಬರೆದುಕೊಂಡರು. "ನಾನು ನನ್ನ ಗಂಡನ್ನ ದಿನಾ ನೋಡ್ತೀನಿ, ಮಾತಾಡಿ ಐದು ವರ್ಷ ಆಯ್ತು. ಅದನ್ನೂ ಸರ್ಕಾರ ಸಂಬಂಧ ಅಂತ್ಲೇ ಬರ್ಕೊಂಡಿದೆ. ಇದೂ ನಡಿಯತ್ತೆ ಬಿಡು," ಎಂದು ಮೊಹರು ಒತ್ತಿದರು.

ಇಬ್ಬರೂ ಗೆಳತಿಯರಿಗೆ ಒಂದೇ ಹುಚ್ಚು. ರೈಲು ನಿಲ್ದಾಣಗಳಲ್ಲಿ ಒಂದು ಮೂಲೆಯ ಮೇಜಿನ ಮೇಲೆ ಆ ನಿಲ್ದಾಣದ ಚಿತ್ರವಿರುವ ರಬ್ಬರ್ ಮುದ್ರೆ ಇಟ್ಟಿರುತ್ತಾರಲ್ಲ, ಅದನ್ನು ಪುಸ್ತಕದಲ್ಲಿ ಒತ್ತಿಕೊಳ್ಳುವುದು. ಮಾಹೊ ಭಾನುವಾರಗಳನ್ನೆಲ್ಲ ಇದಕ್ಕೇ ಕಳೆದು ನಾನೂರು ಪುಟ ತುಂಬಿಸಿದ್ದಳು. ಮೊದಲ ಪುಟವನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಉಪ್ಪು ಮೀನಿನ ಪುಸ್ತಕದಲ್ಲೂ ಅದೇ ಪುಟ ಖಾಲಿ. ಎಂದಾದರೂ ಭೇಟಿಯಾದಾಗ, ಅವಳ ಊರಾದ ಹಮಾಶಿರೊ ನಿಲ್ದಾಣದಲ್ಲಿ, ಇವಳದರಲ್ಲಿ ಅವಳು, ಅವಳದರಲ್ಲಿ ಇವಳು ಮುದ್ರೆ ಒತ್ತುವುದೆಂದು ಮಾತಾಗಿತ್ತು. ಬಡಗಣ ಕಡಲ ತೀರದ ಆ ಊರಿಗೆ ಹೋಗುವ ರೈಲಿಗೆ ಜನವಿಲ್ಲವೆಂದು ಸೆಪ್ಟೆಂಬರ್ ಮೂವತ್ತಕ್ಕೆ ನಿಲ್ದಾಣವನ್ನೇ ಮುಚ್ಚುತ್ತಿದ್ದರು. ಅಂದು ಹೋಗದಿದ್ದರೆ ಆ ಪುಟ ಖಾಲಿಯೇ.

ಮಾಹೊ ಜಾಣೆ. ಹೋದ ದಿನವೇ ವಾಪಸು ಬರಬೇಕಾದ್ದರಿಂದ ತಿಂಡಿ ಕೊಳ್ಳಲು ಪುರಸೊತ್ತು ಸಿಗದು ಎಂದು ಲೆಕ್ಕ ಹಾಕಿ, ಹಮಾಶಿರೊದ ಹೆಸರಾಂತ ‘ಕಡಲಹಕ್ಕಿ ಬನ್ನು’ಗಳ ಒಂದು ದೊಡ್ಡ ಪೊಟ್ಟಣವನ್ನು ಅಲ್ಲಿನ ಅಂಗಡಿಯಿಂದ ಅಂಚೆಯಲ್ಲಿ ತರಿಸಿದಳು. ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಹೊರಗೆ ಹಕ್ಕಿಯ ಆಕಾರ, ಒಂದೊಂದಕ್ಕೂ ಬೇರೆ ಕಾಗದ. ತಲುಪಬೇಕಾದ ದಿನ ಅಕ್ಟೋಬರ್ ಒಂದು ಎಂದು ಸ್ಪಷ್ಟವಾಗಿ ಬರೆದಳು. ಪೊಟ್ಟಣ ಸೆಪ್ಟೆಂಬರ್ ಹನ್ನೆರಡಕ್ಕೇ ಆಫೀಸಿಗೆ ಬಂದು ಕೂತಿತು.

ಅವಳು ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ಹಿಗುಚಿ ಮೇಡಂ ಪೊಟ್ಟಣ ಒಡೆದು ಮೂವತ್ತೆಂಟು ಮೇಜಿಗೂ ಹಂಚಿಯಾಗಿತ್ತು. ವಿಭಾಗದವರೆಲ್ಲ ಎದ್ದು ನಿಂತು, ಬಾಯಲ್ಲಿ ಹಕ್ಕಿಯ ರೆಕ್ಕೆಯಿಟ್ಟುಕೊಂಡೇ ಅವಳಿಗೆ ತಲೆಬಾಗಿದರು. "ಪ್ರವಾಸ ಹೇಗಿತ್ತು?" ಎಂದು ಒಬ್ಬೊಬ್ಬರಾಗಿ ಕೇಳಿದರು.

"ನಾನಿನ್ನೂ ಹೋಗೇ ಇಲ್ಲ," ಎಂದಳು ಮಾಹೊ.

"ತಿಂದಾಯ್ತಲ್ಲಮ್ಮ," ಎಂದರು ಹಿಗುಚಿ ಮೇಡಂ.

"ಹೋಗೋದು ಮೂವತ್ತಕ್ಕೆ ಮೇಡಂ. ತಿಂಡಿ ಮುಂಚೆ ಬಂದ್ಬಿಟ್ಟಿದೆ, ಅಷ್ಟೆ."

"ಅದ್ಹೇಗೆ? ಜನ ರಜೆ ಮುಗಿಸ್ತಾರೆ, ತಿಂಡಿ ಕೊಡ್ತಾರೆ. ತಿಂಡಿ ಕೊಟ್ಟು ರಜೆಗೆ ಹೋದೋರನ್ನ ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ. ಈಗ ನೀನು ಮತ್ತೆ ಹೋದ್ರೆ ಮತ್ತೆ ತಿಂಡಿ ತರ್ಬೇಕು. ಎರಡು ಸಲ ತಿಂಡಿ ತಂದ್ರೆ ಎರಡು ರಜೆ ಆಗತ್ತೆ. ನಿನಗೆ ಮಂಜೂರಾಗಿರೋದು ಒಂದು."

ಪ್ರಕರಣ ಸಮಿತಿಯ ಮುಂದೆ ಹೋಯಿತು. ಸಮಿತಿ ಸಹಾನುಭೂತಿಯಿಂದ ಪರಿಶೀಲಿಸಿತು. ಮೂವತ್ತೆಂಟು ಮಂದಿಯೂ ತಿಂದ ಬನ್ನುಗಳನ್ನು ಮೂಲ ಕಾಗದದ ಸಮೇತ, ಮೂಲ ಸ್ಥಿತಿಯಲ್ಲಿ ಹಿಂದಿರುಗಿಸಿದರೆ ರಜೆಯನ್ನು ಮರಳಿ ಜಮಾ ಮಾಡಲು ಅಭ್ಯಂತರವಿಲ್ಲ ಎಂದು ತೀರ್ಮಾನಿಸಿತು. ಅದು ಸಾಧ್ಯವಾಗದ್ದರಿಂದ ಸೆಪ್ಟೆಂಬರ್ ಹನ್ನೆರಡರಂದು ಮಾಹೊ ಸೆಗಾವಾ ಹಮಾಶಿರೊಗೆ ಹೋಗಿಬಂದಿದ್ದಾರೆ ಎಂದು ದಾಖಲಾಯಿತು. ಅವಳಿಗೆ ಅಳು ಬಂತು. ಶೌಚಾಲಯಕ್ಕೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು, ಸಮಿತಿಗೆ ಧನ್ಯವಾದ ಹೇಳಿದಳು.

ಒಕುದಾ ಸಾಹೇಬರಿಗೆ ಮಾತ್ರ ಇದರಲ್ಲಿ ಬೆಳಕು ಕಂಡಿತು. ಮಾಹೊ ಒಂದು ಗಂಟೆಯೂ ಕೆಲಸ ತಪ್ಪಿಸಿರಲಿಲ್ಲ, ರಜೆಯೂ ಖರ್ಚಾಗಿತ್ತು, ಎಲ್ಲರಿಗೂ ತಿಂಡಿಯೂ ಸಿಕ್ಕಿತ್ತು. ಹಾವೂ ಸಾಯದೆ ಕೋಲೂ ಮುರಿಯದೆ ಸರ್ಕಾರದ ಪತ್ರಕ್ಕೆ ಉತ್ತರ ದೊರಕಿತ್ತು. ಮರುದಿನವೇ ಸುತ್ತೋಲೆ ಹೊರಟಿತು:

"ಪೊಟ್ಟಣ ಪ್ರವಾಸ ನಿಯಮಾವಳಿ. ನಿಯಮ ಮೂರು: ತಿಂಡಿ ತಲುಪಿದ ದಿನವನ್ನೇ ಪ್ರವಾಸದ ದಿನವೆಂದು ಪರಿಗಣಿಸತಕ್ಕದ್ದು. ನಿಯಮ ನಾಲ್ಕು: ಪ್ರವಾಸದ ಅವಧಿಯಲ್ಲಿ ನೌಕರರು ತಮ್ಮ ಸ್ಥಾನದಲ್ಲೇ ಕುಳಿತು ಎಂದಿನಂತೆ ಕಾರ್ಯನಿರ್ವಹಿಸತಕ್ಕದ್ದು. ನಿಯಮ ಏಳು: ಪ್ರವಾಸ ಹೇಗಿತ್ತೆಂದು ಕೇಳಿದವರಿಗೆ ‘ಚೆನ್ನಾಗಿತ್ತು, ಸ್ವಲ್ಪ ಚಳಿ’ ಎಂದು ಉತ್ತರಿಸತಕ್ಕದ್ದು."

ಯಾವ ಊರಿನ ತಿಂಡಿ ಎಂಬ ಪ್ರಶ್ನೆ ಎದ್ದಿತು. ಹೊಸ ಊರು ಎಂದರೆ ಹೊಸ ಮಂಜೂರಾತಿ, ಹನ್ನೊಂದು ಮೊಹರು. ಈಗಾಗಲೇ ಮಂಜೂರಾದ ಊರು ಒಂದೇ. ಹೀಗಾಗಿ ಮಿಕ್ಕ ಮೂವತ್ತೇಳು ಮಂದಿಯೂ ತಿಂಗಳು ಮುಗಿಯುತ್ತಲೇ ಹಮಾಶಿರೊಗೇ ಹೋಗಿಬರುವುದೆಂದು ನಿಶ್ಚಯಿಸಿ, ಒಬ್ಬೊಬ್ಬರೂ ಐದೈದು ದಿನಕ್ಕೆ ಐದೈದು ದೊಡ್ಡ ಪೊಟ್ಟಣ ಕಡಲಹಕ್ಕಿ ಬೇಕೆಂದು ಅಂಗಡಿಗೆ ಬರೆದರು.

ಆ ವಾರ ಉಪ್ಪು ಮೀನಿನಿಂದ ಸಂದೇಶ ಬಂತು: "ಇದ್ದಕ್ಕಿದ್ದಂಗೆ ಕೆಲಸ ತಲೆ ಮೇಲೆ ಬಂದಿದೆ ಕಣೇ. ಮೂವತ್ತಕ್ಕೆ ರಜೆ ಕೊಡಲ್ಲ ಅಂತಿದ್ದಾರೆ. ಆದ್ರೂ ಸ್ಟೇಷನ್ ಹತ್ತೇ ನಿಮಿಷದ ದಾರಿ, ಹೇಗಾದ್ರೂ ಓಡಿ ಬರ್ತೀನಿ. ನೀನು ಬರ್ತೀಯ ತಾನೆ?"

ಮಾಹೊ "ಬರ್ತೀನಿ" ಎಂದು ಬರೆದಳು.

ಮೂವತ್ತನೇ ತಾರೀಖು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಅರ್ಧ ಕಪ್ ಚಹಾ ಮೇಜಿನ ಮೇಲಿಟ್ಟು ಬುಲೆಟ್ ರೈಲು ಹತ್ತಿದಳು. ಆ ಕಂಪನಿಯಲ್ಲಿ ಕೋಟು ಇದ್ದರೆ ಆಳು ಇದ್ದಂತೆ. ಹನ್ನೊಂದು ಗಂಟೆಯ ಮೀಟಿಂಗಿಗೆ ಯಾರೋ ಅವಳ ಕುರ್ಚಿಯನ್ನು ಕೋಟಿನ ಸಮೇತ ತಳ್ಳಿಕೊಂಡು ಹೋದರು. ಅಕ್ಷರದ ಅಳತೆಯನ್ನು ಅರ್ಧ ಅಂಗುಲ ಹಿಗ್ಗಿಸುವ ಪ್ರಸ್ತಾಪಕ್ಕೆ ಸೆಗಾವಾ ಅವರ ಆಕ್ಷೇಪಣೆ ಇರಲಿಲ್ಲ ಎಂದು ನಡಾವಳಿಯಲ್ಲಿ ನಮೂದಾಯಿತು.

ಹಮಾಶಿರೊ ತಲುಪಿದಾಗ ಮಧ್ಯಾಹ್ನ ಎರಡು. ಜನವಿಲ್ಲವೆಂದು ಮುಚ್ಚುತ್ತಿದ್ದ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊನೆಯ ದಿನವಲ್ಲವೇ, ಇಷ್ಟು ವರ್ಷ ಬಾರದವರೆಲ್ಲ ಕ್ಯಾಮೆರಾ ಹಿಡಿದು ಬಂದು ಬರದೆ ಇದ್ದದ್ದಕ್ಕೆ ಕಣ್ಣೀರು ಹಾಕುತ್ತಿದ್ದರು. ಮಾಹೊ ಮುದ್ರೆಯ ಮೇಜಿನ ಪಕ್ಕದಲ್ಲೇ ನಿಂತಳು. ಮೂರಾಯಿತು, ನಾಲ್ಕಾಯಿತು. ಉಪ್ಪು ಮೀನು ಬರಲಿಲ್ಲ.

ನಾಲ್ಕೂಕಾಲಕ್ಕೆ ಸಂದೇಶ ಬಂತು: "ಬಿಡ್ತಾನೇ ಇಲ್ಲ ಕಣೇ. ಟೋಕಿಯೋದ ಒಂದೇ ಆಫೀಸಿಗೆ ನೂರಾ ಎಂಬತ್ತೈದು ಪೊಟ್ಟಣ, ಇವತ್ತೇ ಹೋಗ್ಬೇಕಂತೆ. ಎಂಥಾ ಹೊಟ್ಟೆಬಾಕ ನನ್ಮಕ್ಳೋ ಏನೋ. ಲೇಬಲ್ ಕಂಪನಿಯಂತೆ, ಲೇಬಲ್ ತಿನ್ನೋಕ್ಕೇನಾಗಿತ್ತು ಅವಕ್ಕೆ?"

ಮಾಹೊಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮುದ್ರೆಯನ್ನು ಪೆಟ್ಟಿಗೆಗೆ ಹಾಕಲು ಬಂದ ನಿಲ್ದಾಣದ ಮುದುಕ ನೌಕರರನ್ನು ತಡೆದು, ತನ್ನ ಮೊದಲ ಪುಟದ ಮೇಲೊಂದು, ಬಿಡಿ ಹಾಳೆಯ ಮೇಲೊಂದು ಒತ್ತಿಕೊಂಡು, ಕಡಲಹಕ್ಕಿಯ ಅಂಗಡಿಗೆ ಓಡಿದಳು.

ಅಲ್ಲಿ ತಲೆಗೆ ಬಿಳಿ ಟೋಪಿ, ಮುಖಕ್ಕೆ ಮಾಸ್ಕ್ ಹಾಕಿದ ಒಬ್ಬ ದಪ್ಪನೆಯ ಹೆಂಗಸು ಒಬ್ಬಳೇ ಪೊಟ್ಟಣ ಕಟ್ಟುತ್ತಿದ್ದಳು.

"ಉಪ್ಪು ಮೀನು?" ಎಂದಳು ಮಾಹೊ.

ದಾರದ ಕೈ ನಿಂತಿತು. "ಅರ್ಧ ಟಿಕೆಟ್?"

"ಆ ಹೊಟ್ಟೆಬಾಕರು ನಮ್ಮ ಆಫೀಸಿನೋರು."

ಉಪ್ಪು ಮೀನು ಒಂದು ಲೇಬಲ್ ನೋಡಿ, ಅವಳ ಮುಖ ನೋಡಿ, ಸ್ಟೂಲಿನ ಮೇಲೆ ಕುಸಿದಳು. "ಮಾಹೊ ಸೆಗಾವಾ ಅಂದ್ರೆ ನೀನಾ? ಮೊದಲ್ನೇ ಪೊಟ್ಟಣ ಕಟ್ಟಿದ್ದೂ ನಾನೇ ಕಣೇ. ಅಕ್ಟೋಬರ್ ಒಂದು ಅಂತ ಇತ್ತು. ಟೋಕಿಯೋ ಆಫೀಸು, ಒಂದು ಗಂಟೆ ತಡ ಆದ್ರೂ ನಿನಗೆ ಬಯ್ತಾರೇನೋ… ಅಂದ್ರೆ, ನೀನು ಅಂತ ಗೊತ್ತಿರ್ಲಿಲ್ಲ, ಯಾವುದೋ ಪಾಪದ ಹುಡುಗಿಗೆ ಬಯ್ತಾರೇನೋ ಅಂತ ಅವತ್ತೇ ಕಳಿಸ್ಬಿಟ್ಟೆ."

"ಆ ಪಾಪದ ಹುಡುಗಿ ರಜೆ ಹೋಯ್ತು."

"ನನ್ನದೂ ಹೋಯ್ತಲ್ಲೇ. ಮಾಡಿದ್ದುಣ್ಣೋ ಮಹರಾಯ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿನಿಂದ ಮಾಲೀಕರು "ಆರಕ್ಕೆ ಗಾಡಿ ಬರತ್ತೆ ಕಣಮ್ಮ" ಎಂದು ಕೂಗಿದರು. ಮಾಹೊ ಕೈ ತೊಳೆದು, ಟೋಪಿ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಐದು ವರ್ಷ ಕಾದ ಭೇಟಿ ಒಂದು ಗಂಟೆ ಇಪ್ಪತ್ತು ನಿಮಿಷ ನಡೆಯಿತು. ಅಷ್ಟರಲ್ಲಿ ಒಕುದಾ ಸಾಹೇಬರ ಐದು ದಿನದ ರಜೆಯನ್ನು ಅವಳೇ ತನ್ನ ಕೈಯಾರೆ ದಾರ ಹಾಕಿ ಕಟ್ಟಿದಳು. ನಿಜ ಹೇಳಬೇಕೆಂದರೆ ಅಷ್ಟು ಖುಷಿಯಾಗಿ ಅವಳು ಯಾವತ್ತೂ ಕೆಲಸ ಮಾಡಿರಲಿಲ್ಲ. ಹೊರಡುವಾಗ ಉಪ್ಪು ಮೀನು ಬಿಡಿ ಹಾಳೆಯನ್ನು ತನ್ನ ಪುಸ್ತಕಕ್ಕೆ ಅಂಟಿಸಿಕೊಂಡಳು. ಮಾಹೊಳ ಪುಸ್ತಕದಲ್ಲಿ ಮುದ್ರೆಯ ಕೆಳಗೆ ‘ಸೆಪ್ಟೆಂಬರ್ 30, ಅರ್ಧ ಟಿಕೆಟ್ ಬಂದಿದ್ದಳು’ ಎಂದು ಸಕ್ಕರೆಪುಡಿ ಮೆತ್ತಿದ ಕೈಯಲ್ಲೇ ಪೆನ್ನು ಹಿಡಿದು ಬರೆದುಕೊಟ್ಟಳು. ಮಾಹೊ ಆ ಮಾರ್ಗದ ಕಟ್ಟಕಡೆಯ ರೈಲು ಹತ್ತಿ ಹೊರಟಳು.

ಮರುದಿನ ಅವಳಿಗೆ ತಡೆಯಲಾಗಲಿಲ್ಲ. ಸಮಿತಿಯ ಮುಂದೆ ಹೋಗಿ ನಿಂತಳು. "ಸಾರ್, ನಿನ್ನೆ ನಾನು ನಿಜವಾಗ್ಲೂ ಹಮಾಶಿರೊಗೆ ಹೋಗಿದ್ದೆ."

"ತಿಂಡಿ?" ಎಂದರು ಹಿಗುಚಿ ಮೇಡಂ.

"ತಂದಿಲ್ಲ."

"ಹಾಗಾದ್ರೆ ಹೋಗಿಲ್ಲ. ನಿನ್ನೆ ಮೀಟಿಂಗಲ್ಲಿ ಇದ್ಯಲ್ಲಮ್ಮ, ನಿನ್ನ ಆಕ್ಷೇಪಣೆ ಇರ್ಲಿಲ್ಲ ಅಂತ ನಾನೇ ಬರ್ದಿದ್ದೀನಿ."

ಮಾಹೊ ಪುಸ್ತಕ ತೆರೆದು ಮೊದಲ ಪುಟ ತೋರಿಸಿದಳು. ಒಕುದಾ ಸಾಹೇಬರು ಬಹಳ ಹೊತ್ತು ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ.

"ಮುದ್ರೆ ಚೆನ್ನಾಗಿದೆ. ಆದ್ರೆ ತಾರೀಖು ತಪ್ಪಿದೆ ನೋಡಿ. ನೀವು ಹೋಗಿದ್ದು ಹನ್ನೆರಡಕ್ಕೆ. ಯಾರು ಬರೆದಿದ್ದು ಇದನ್ನ?"

"ನನ್ನ ಗೆಳತಿ."

"ಪಾಪ, ಕೆಲಸದ ಗಡಿಬಿಡೀಲಿ ಬರ್ದಿರ್ಬೇಕು. ತಿದ್ದಿಸೋಣ ಅಂದ್ರೆ ಆ ಸ್ಟೇಷನ್ನೂ ಇಲ್ಲ. ಇರ್ಲಿ, ನಾನೇ ಮಾಡ್ಕೊಡ್ತೀನಿ."

ಸಾಹೇಬರು ಸ್ಕೇಲು ತೆಗೆದುಕೊಂಡು ‘30’ರ ಮೇಲೆ ಎರಡು ನೇರ ಗೆರೆ ಎಳೆದರು. ಪಕ್ಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ‘12’ ಎಂದು ಬರೆದು, ತಿದ್ದುಪಡಿಯ ಮೇಲೆ ತಮ್ಮ ಹೆಸರಿನ ಕೆಂಪು ಮೊಹರು ಒತ್ತಿ, ಒಣಗಲೆಂದು ಊದಿ, ಎರಡೂ ಕೈಯಲ್ಲಿ ಹಿಡಿದು ಗೌರವದಿಂದ ವಾಪಸು ಕೊಟ್ಟರು. ಮಾಹೊ ಎರಡೂ ಕೈಯಲ್ಲಿ ಅದನ್ನು ಪಡೆದು ತಲೆಬಾಗಿದಳು.

ಆ ಮಧ್ಯಾಹ್ನವೇ ನೂರಾ ಎಂಬತ್ತೈದು ಪೊಟ್ಟಣಗಳು ಬಂದವು. ವಿಭಾಗದವರೆಲ್ಲ ಒಬ್ಬರಿಗೊಬ್ಬರು ತಲೆಬಾಗಿ ಹಂಚಿದರು, ಪ್ರವಾಸ ಹೇಗಿತ್ತೆಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಚೆನ್ನಾಗಿತ್ತು, ಸ್ವಲ್ಪ ಚಳಿ ಎಂದು ಎಲ್ಲರೂ ಹೇಳಿದರು. ಸರ್ಕಾರದಿಂದ ಪ್ರಶಂಸಾಪತ್ರ ಬಂತು. ಅದನ್ನು ಗೋಡೆಗೆ ಹಾಕಲು ಭಾನುವಾರ ಎಲ್ಲರೂ ಆಫೀಸಿಗೆ ಬಂದರು.

ಮರುವರ್ಷ ಮಾಹೊ ಮತ್ತೆ ನಾಲ್ಕು ಪುಟದ ಅರ್ಜಿ ತುಂಬಿ ತಂದಳು. ಈ ಸಲ ಉಪ್ಪು ಮೀನೇ ಟೋಕಿಯೋಗೆ ಬರುವವಳಿದ್ದಳು.

"ಮತ್ತೆ ಅದೇ ಗೆಳತೀನಾ?" ಎಂದು ಹಿಗುಚಿ ಮೇಡಂ ಕನ್ನಡಕ ಏರಿಸಿದರು. "ನೋಡಿದ್ದೀಯಾ?"

"ನೋಡಿದ್ದೀನಿ."

"ಯಾವತ್ತು?"

"ಹನ್ನೆರಡನೇ ತಾರೀಖು," ಎಂದಳು.

ಹಿಗುಚಿ ಮೇಡಂ ಹಳೆಯ ರಿಜಿಸ್ಟರ್ ತೆಗೆದು ತಾಳೆ ನೋಡಿ, ಸರಿಯಿದೆ ಎಂದು ಮೊಹರು ಒತ್ತಿದರು.