ವೇವ್‌ಫಾರ್ಮ್ ಮಹಾಶಯರೂ ಅಳಿಸಿಹೋದ ಹನ್ನೊಂದು ಸೆಕೆಂಡೂ

ಎಡಿಟಿಂಗ್ ಪರದೆಯ ಕೆಳಭಾಗದಲ್ಲಿ ಸದ್ದಿನ ಏರಿಳಿತದ ಹಸಿರು ನಕ್ಷೆಯಾಗಿ ವಿರಾಜಮಾನರಾಗಿರುವ ವೇವ್‌ಫಾರ್ಮ್ ಮಹಾಶಯರ ಸನ್ನಿಧಾನಕ್ಕೆ, ವಿಡಿಯೊ ಕತ್ತರಿಸಿ ಜೋಡಿಸುವುದನ್ನೇ ಕಸುಬಾಗಿಸಿಕೊಂಡವನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ. ಸದ್ದು ಜೋರಾದಲ್ಲಿ ಗುಡ್ಡವಾಗಿ ಏಳುತ್ತೀರಿ, ಸದ್ದಿಲ್ಲದಲ್ಲಿ ಗೆರೆಯಾಗಿ ಮಲಗುತ್ತೀರಿ. ತಮ್ಮ ಈ ಕೃಪೆಯಿಂದಾಗಿ ನಾನು ಒಂಬತ್ತು ವರ್ಷಗಳಿಂದ ಹೆಡ್‌ಫೋನನ್ನು ಮೊಳೆಗೆ ನೇತುಹಾಕಿ, ಇಡೀ ಕಾರ್ಯಕ್ರಮವನ್ನು ಒಂದೇ ಪರದೆಗೆ ಕುಗ್ಗಿಸಿ, ಗುಡ್ಡಗಳನ್ನು ಉಳಿಸಿ ಗೆರೆಗಳನ್ನು ಅಳಿಸಿ, ಕಿವಿಯ ಹಂಗಿಲ್ಲದೆ ಕೆಲಸ ಮುಗಿಸುತ್ತಾ ಬಂದಿದ್ದೇನೆ. ಅದನ್ನು ನಾಲ್ಕು ಜನರೆದುರು ಹೇಳಿಕೊಂಡು ಬೀಗಿದ್ದೂ ಉಂಟು.

ಕಳೆದ ತಿಂಗಳು ಪ್ರಿಂಟಿಂಗ್ ಪ್ರೆಸ್ಸೊಂದರ ಬೀಳ್ಕೊಡುಗೆ ಸಮಾರಂಭದ ವಿಡಿಯೊ ನನ್ನ ಕೈಗೆ ಬಂತು. ನಿವೃತ್ತರಾದವರು ಬೈಂಡಿಂಗ್ ವಿಭಾಗದ ಹೆಂಗಸು. ಇಪ್ಪತ್ತಾರು ವರ್ಷ ಯಂತ್ರದ ಪಕ್ಕದಲ್ಲೇ ನಿಂತು ಕಿವಿ ಮಂದವಾದವರು. ಅಷ್ಟೂ ವರ್ಷ ಅವರ ಕೆಲಸದಲ್ಲಿ ಹುಳುಕು ಹುಡುಕಿ, ಒಂದೇ ಒಂದು ಒಳ್ಳೆಯ ಮಾತನ್ನೂ ಆಡದ ಸೂಪರ್‌ವೈಸರ್ ಅಂದು ಎದ್ದು ನಿಂತು, ಮೈಕನ್ನು ಹೊಟ್ಟೆಯ ಹತ್ತಿರ ಹಿಡಿದು ಏನೋ ಗೊಣಗಿದರು. ಸಭೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಈಕೆ ವಿಚಾರಿಸಿದರೆ, "ಏನಿಲ್ಲ ಬಿಡಿ," ಎಂದು ಜಾರಿಕೊಂಡರಂತೆ. ಆ ಮಾತು ಏನಿತ್ತೆಂದು ತಿಳಿಯಲು ಈಕೆಗೆ ಉಳಿದದ್ದು ನನ್ನ ವಿಡಿಯೊ ಒಂದೇ.

ತಮ್ಮ ನ್ಯಾಯಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು. "ಹಲೋ, ಮೈಕ್ ಟೆಸ್ಟಿಂಗ್" ಎಂದವನಿಗೆ ಗುಡ್ಡ ದಯಪಾಲಿಸಿದಿರಿ. ಕುರ್ಚಿ ಎಳೆದ ಸದ್ದಿಗೆ ಶಿಖರ. ಪ್ರೆಸ್ಸಿನ ಮಾಲೀಕರ ಕೆಮ್ಮಿಗಂತೂ ಪರ್ವತಶ್ರೇಣಿಯನ್ನೇ ಬರೆದುಕೊಟ್ಟಿರಿ. ಸೂಪರ್‌ವೈಸರ್ ಅವರ ಹನ್ನೊಂದು ಸೆಕೆಂಡಿಗೆ ಮಾತ್ರ ಒಂದೆಳೆ ದಾರ. ತಮ್ಮ ಅಪ್ಪಣೆ ಮೀರಲು ನಾನು ಯಾರು? ಕೆಮ್ಮನ್ನು ಉಳಿಸಿ ಸೂಪರ್‌ವೈಸರ್ ಮಾತನ್ನು ಕತ್ತರಿಸಿದೆ.

ಆದ್ದರಿಂದ ಸವಿನಯ ಕೋರಿಕೆ: ಇನ್ನು ಮುಂದೆ ಗುಡ್ಡದ ಎತ್ತರವನ್ನು ಸದ್ದಿನಿಂದ ಅಳೆಯದೆ ಮಾತಿನ ತೂಕದಿಂದ ಅಳೆಯಬೇಕು, ಕೆಮ್ಮುವವರು ಮಾಲೀಕರೇ ಆದರೂ ಅವರನ್ನು ಮುಲಾಜಿಲ್ಲದೆ ನೆಲಕ್ಕೆ ಇಳಿಸಬೇಕು, ಇದಾವುದೂ ಆಗದಿದ್ದರೆ, ನನ್ನ ಕತ್ತು ಹಿಡಿದು ಹೆಡ್‌ಫೋನ್ ತೊಡಿಸುವ ಕೈಯೊಂದನ್ನಾದರೂ ತಮ್ಮ ತಂತ್ರಾಂಶಕ್ಕೆ ಜೋಡಿಸಬೇಕು.

ಮೊನ್ನೆ ಆಕೆ ಸ್ಟುಡಿಯೊಗೇ ಬಂದರು. "ಅವ್ರು ಎದ್ದಿದ್ದು ಇದೆ, ಕೂತಿದ್ದು ಇದೆ, ನಡುವೆ ಮಾತೆಲ್ಲಿ ಹೋಯ್ತಪ್ಪ?" ಎಂದು ಕೇಳಿದಾಗ ನಾಚುತ್ತಲೇ ಮೊಳೆಯ ಮೇಲಿನ ಹೆಡ್‌ಫೋನನ್ನು ಇಳಿಸಿದೆ. ಪುಣ್ಯಕ್ಕೆ ಮೂಲ ಚಿತ್ರೀಕರಣ ಡಿಸ್ಕಿನಲ್ಲಿತ್ತು. ತಮ್ಮನ್ನು ಹಿಗ್ಗಿಸಿ, ಹಿಂದೆ ಮುಂದೆ ಸರಿಸಿ, ಆ ಗೆರೆಯನ್ನು ಹುಡುಕಿ, ಸದ್ದು ಏರಿಸಿ, ಮೊದಲು ನಾನು ಕೇಳಿ, ಆಮೇಲೆ ಹೆಡ್‌ಫೋನನ್ನು ಆಕೆಗೆ ಕೊಟ್ಟೆ. ಸೂಪರ್‌ವೈಸರ್ ಹೇಳಿದ್ದು ಇಷ್ಟು: "ನಾನು ಇವ್ರ ಮೇಲೆ ಹಾಕಿದ ತಪ್ಪುಗಳಲ್ಲಿ ಅರ್ಧ ನನ್ನವೇ. ಗೊತ್ತಿದ್ದೂ ಹೇಳ್ಲಿಲ್ಲ."

ಆಕೆ ಪರದೆಯನ್ನೇ ನೋಡುತ್ತಾ ಕೂತರು. ಕೇಳಿಸಲಿಲ್ಲವೇನೋ ಎಂದು ಸದ್ದನ್ನು ಇನ್ನಷ್ಟು ಏರಿಸಲು ಹೋದೆ.

"ಕೇಳಿಸ್ತು," ಎಂದರು. "ಇನ್ನೊಂದ್ಸಲ ಹಾಕಿ."

ಕಂಡದ್ದನ್ನೇ ಕೇಳಿದೆನೆಂದು ನಂಬಿದ್ದ,
ತಮ್ಮ ವಿಶ್ವಾಸಿ,
ವಿಡಿಯೊ ಎಡಿಟರ್

ವಿ.ಸೂ.: ಮೌನವನ್ನು ತಾನೇ ಗುರುತಿಸಿ ಒಂದೇ ಏಟಿಗೆ ಅಳಿಸುವ ಗುಂಡಿಯೊಂದು ಮುಂದಿನ ಆವೃತ್ತಿಯಲ್ಲಿ ಬರಲಿದೆಯೆಂದು ತಮ್ಮ ಕಂಪನಿ ಹೆಮ್ಮೆಯಿಂದ ತಿಳಿಸಿದೆ. ಆ ಕೆಲಸವನ್ನು ನಾನು ಒಂಬತ್ತು ವರ್ಷ ಕೈಯಾರೆ ಮಾಡಿದವನು. ಅನುಭವಸ್ಥನೆಂದು ಸಲಹೆ ಕೇಳುವುದಾದರೆ ದಯವಿಟ್ಟು ಕೇಳಿ. ಯಾರ ಯಾರ ಮಾತು ಅಳಿಸಿದೆನೆಂದು ಮಾತ್ರ ಕೇಳಬೇಡಿ. ಸ್ಟುಡಿಯೊವರೆಗೆ ಬಂದು ವಿಚಾರಿಸಿದವರು ಈಕೆ ಒಬ್ಬರೇ.